ಹೆಡ್‌ಫೋನ್ ಇಕ್ಯೂ ಹಾಕಿದ್ಮೇಲೆ ಪ್ರಿಆಂಪ್ ಎಷ್ಟಿಡ್ಬೇಕು?

ಪ್ರಶ್ನೆ: ಹೊಸ ಹೆಡ್‌ಫೋನ್ ತಗೊಂಡಿದೀನಿ, ಲ್ಯಾಪ್‌ಟಾಪ್‌ಗೆ ಒಂದು ಪುಟ್ಟ ಡ್ಯಾಕ್-ಆಂಪ್ (ಡಿಜಿಟಲ್ ಹಾಡನ್ನ ವಿದ್ಯುತ್ ಅಲೆಯಾಗಿ ಬದಲಾಯಿಸಿ, ಬಲ ಕೊಟ್ಟು ಕಳಿಸೋ ಸಾಧನ) ಸಿಕ್ಕಿಸಿ ಕೇಳ್ತೀನಿ. ಹತ್ತು ಬ್ಯಾಂಡಿನ ಈಕ್ವಲೈಜರಲ್ಲಿ (ಇಕ್ಯೂ, ಅಂದ್ರೆ ಬಾಸು ಟ್ರೆಬಲ್ಲು ಅಂತ ಸೌಂಡಿನ ಒಂದೊಂದು ಭಾಗಾನೂ ಬೇರೆ ಬೇರೆ ಏರಿಸಿ ಇಳಿಸೋದು) 32 ಮತ್ತೆ 64 ಹರ್ಟ್ಜ್ ಎರಡೂ ಪ್ಲಸ್ 6 ಡಿಬಿ (ಡೆಸಿಬೆಲ್, ಸೌಂಡ್ ಎಷ್ಟು ಏರಿತು ಇಳೀತು ಅನ್ನೋ ಅಳತೆ), 125 ಪ್ಲಸ್ 3, ಮೇಲ್ಗಡೆ 8 ಕಿಲೋಹರ್ಟ್ಜ್ ಪ್ಲಸ್ 4, 16 ಪ್ಲಸ್ 5. ಸೌಂಡ್ ಸಾಲ್ದು ಅನ್ಸಿ ಪ್ರಿಆಂಪ್ ಪ್ಲಸ್ 3 ಮಾಡ್ದೆ. ಈಗ ಕೆಲವು ಹಾಡಲ್ಲಿ ಬಾಸ್ ಬಂದ ತಕ್ಷಣ ಪರಪರ ಅಂತ ಒಡಿಯತ್ತೆ. ಯಾರೋ ಹೇಳಿದ್ರು ಅಂತ ಪ್ರಿಆಂಪ್ ಮೈನಸ್ 10ಕ್ಕೆ ಇಳಿಸ್ದೆ, ಒಡೆಯೋದು ನಿಲ್ತು, ಆದ್ರೆ ಹಾಡಲ್ಲಿ ಜೀವಾನೇ ಇಲ್ಲ. ಸರಿಯಾದ ಪ್ರಿಆಂಪ್ ಯಾವ್ದು? ಬ್ಯಾಂಡ್ ಏರಿಸ್ಲೇಬಾರ್ದು, ಬರೀ ಇಳಿಸ್ಬೇಕು ಅಂತಾರಲ್ಲ, ನಿಜಾನಾ? ಫೋನಲ್ಲಿ ಬ್ಲೂಟೂತ್ ಹಾಕಿ ಕೇಳುವಾಗ್ಲೂ ಇದೇ ಲೆಕ್ಕಾನಾ?

ಉತ್ತರ: ಮೊದ್ಲು ನಂಬರ್ ಹೇಳ್ಬಿಡ್ತೀನಿ, ಪುರಾಣ ಆಮೇಲೆ. ನೀವು ಕೊಟ್ಟಿರೋ ಸೆಟ್ಟಿಂಗ್‌ಗೆ ಪ್ರಿಆಂಪ್ ಮೈನಸ್ 8 ಡಿಬಿ ಹತ್ರ ಇರ್ಬೇಕು. ಪ್ಲಸ್ 3 ಅಂತೂ ಖಂಡಿತ ಅಲ್ಲ. ಮೈನಸ್ 10 ತಪ್ಪೇನಲ್ಲ, ಸ್ವಲ್ಪ ಜಾಸ್ತಿ ಹುಷಾರಾದ್ರಿ ಅಷ್ಟೆ. ಜೀವ ಇಲ್ಲ ಅನ್ಸಿದ್ದು ಪ್ರಿಆಂಪ್ ಇಳಿಸಿದ್ದಕ್ಕಲ್ಲ, ಇಳಿಸಿದ್ಮೇಲೆ ಆಂಪ್ ಮೇಲಿರೋ ನಾಬನ್ನ ಅಷ್ಟೇ ಏರಿಸ್ದೆ ಹಾಗೇ ಬಿಟ್ಟಿದ್ದಕ್ಕೆ.

ಪ್ರಿಆಂಪ್ ಅನ್ನೋ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಹೆಸರು ಕೇಳಿದ್ರೆ ಏನೋ ಸೌಂಡ್ ಜಾಸ್ತಿ ಮಾಡೋ ಯಂತ್ರ ಅನ್ಸತ್ತೆ, ಹಳೇ ಕಾಲದ ಸ್ಟೀರಿಯೋ ಸೆಟ್ಟಲ್ಲಿ ಅದು ನಿಜಾನೂ ಹೌದು. ಆದ್ರೆ ಈಕ್ವಲೈಜರ್ ಸಾಫ್ಟ್‌ವೇರ್ ಒಳಗಿರೋ ಪ್ರಿಆಂಪ್ ಬರೀ ಒಂದು ಗುಣಾಕಾರ, ಬರೋ ಪ್ರತಿ ಸ್ಯಾಂಪಲನ್ನೂ (ಆ ಕ್ಷಣಕ್ಕೆ ಸೌಂಡ್ ಅಲೆಯ ಎತ್ತರ ಎಷ್ಟು ಅನ್ನೋ ಅಂಕಿ) ಒಂದು ಸಂಖ್ಯೆಯಿಂದ ಗುಣಿಸತ್ತೆ, ಮುಗೀತು. ಅದನ್ನ ರುಚಿಗೆ ತಕ್ಕಂಗೆ ತಿರುಗಿಸೋ ನಾಬ್ ಅಂತ ತಿಳ್ಕೊಂಡ್ರೆ ಎಡವಟ್ಟಾಗತ್ತೆ. ಇಕ್ಯೂ ಹೇಗೆ ಇಟ್ಟಿದೀರಿ ಅನ್ನೋದ್ರ ಮೇಲೆ ಅದರ ಬೆಲೆ ತಾನಾಗೇ ತೀರ್ಮಾನ ಆಗತ್ತೆ, ನಾವು ಆರಿಸೋಕೆ ಅಲ್ಲಿ ಹೆಚ್ಚೇನೂ ಇಲ್ಲ.

ಯಾಕೆ ಅಂದ್ರೆ ಡಿಜಿಟಲ್ ಆಡಿಯೋಗೆ ಒಂದು ಛಾವಣಿ ಇದೆ, ಅದಕ್ಕೆ ಸೊನ್ನೆ ಡಿಬಿ ಅಂತಾರೆ, ಪೂರ್ತಿ ಹೇಳ್ಬೇಕಂದ್ರೆ ಸೊನ್ನೆ ಡಿಬಿಎಫ್ಎಸ್. 16 ಬಿಟ್ ಫೈಲಲ್ಲಿ ಒಂದು ಸ್ಯಾಂಪಲ್ ಅತಿ ಹೆಚ್ಚು ಅಂದ್ರೆ 32767, ಅತಿ ಕಮ್ಮಿ ಅಂದ್ರೆ ಮೈನಸ್ 32768, ಅದರಾಚೆ ಬರೆಯೋಕೆ ಜಾಗಾನೇ ಇಲ್ಲ. ಈಗಿನ ಹಾಡುಗಳನ್ನ ಮಾಸ್ಟರ್ ಮಾಡೋರು (ಬಿಡುಗಡೆಗೆ ಮುಂಚೆ ಕೊನೇ ಹದ ಕೊಡೋರು) ಆ ಛಾವಣಿಗೆ ತಲೆ ತಾಗೋವರೆಗೂ ತಳ್ಳಿರ್ತಾರೆ, ತುಂಬಿದ ಕೊಡ ತುಳುಕಲ್ಲ ಅನ್ನೋ ಗಾದೆ ಇಲ್ಲಿ ಉಲ್ಟಾ, ತುಂಬಿದ ಕೊಡಕ್ಕೆ ನೀವು ಬಾಸ್ ಅಂತ ಇನ್ನೊಂದು ಚೊಂಬು ಸುರಿದ್ರೆ ತುಳುಕ್ದೆ ಇನ್ನೇನಾಗತ್ತೆ. ಅಲೆಯ ತುದಿ ಚೂಪಾಗೋ ಬದ್ಲು ಕತ್ತಿಯಲ್ಲಿ ಸವರಿದಂಗೆ ಚಪ್ಪಟೆ ಆಗತ್ತೆ, ಆ ಚಪ್ಪಟೆ ಅಂಚಿಂದ ಮೂಲ ಹಾಡಲ್ಲಿ ಇಲ್ಲದ ಹೊಸ ಫ್ರೀಕ್ವೆನ್ಸಿಗಳು ಹುಟ್ಟತ್ವೆ, ನಿಮಗೆ ಪರಪರ ಅಂತ ಕೇಳ್ಸಿದ್ದು ಅದೇ. ಇದನ್ನೇ ಕ್ಲಿಪ್ಪಿಂಗ್ ಅನ್ನೋದು.

ಈಗ ಲೆಕ್ಕಕ್ಕೆ ಬರೋಣ, ಬಹಳ ಜನ ತಪ್ಪೋದು ಇಲ್ಲೇ. ಅತಿ ಎತ್ತರದ ಸ್ಲೈಡರ್ ಪ್ಲಸ್ 6 ಇದ್ಯಲ್ಲ, ಹಾಗಾದ್ರೆ ಪ್ರಿಆಂಪ್ ಮೈನಸ್ 6 ಸಾಕು ಅಂದ್ಕೋತಾರೆ. ಸಾಲಲ್ಲ. ಒಂದೊಂದು ಬ್ಯಾಂಡೂ ಒಂದು ಗುಡ್ಡ ಇದ್ದಂಗೆ, ಅದರ ಇಳಿಜಾರು ಪಕ್ಕದ ಬ್ಯಾಂಡಿನ ಮೇಲೆ ಬಿದ್ದಿರತ್ತೆ. ನಿಮ್ಮ 64 ಹರ್ಟ್ಜ್ ತಗೊಳ್ಳಿ, ಅದರದ್ದೇ 6 ಡಿಬಿ ಇದೆ, ಅದರ ಮೇಲೆ 32ರ ಗುಡ್ಡದ ಪಾದದಿಂದ 1 ಡಿಬಿ ಚಿಲ್ರೆ ಬಂತು, ಈ ಕಡೆ 125ರ ಕಡೆಯಿಂದ ಅರ್ಧ ಡಿಬಿ, ಒಟ್ಟು ಏಳೂವರೆ ದಾಟಿತು. ಬ್ಯಾಂಡ್ ಎಷ್ಟು ಅಗಲ ಅನ್ನೋದು ಆಪ್‌ನಿಂದ ಆಪ್‌ಗೆ ಬೇರೆ ಆಗೋದ್ರಿಂದ ಅರ್ಧ ಡಿಬಿ ಆಚೆ ಈಚೆ ಆಗ್ಬಹುದು. ಅದಕ್ಕೇ ಮೈನಸ್ 8 ಅಂದಿದ್ದು. ನೀವು ಅದರ ಮೇಲೆ ಪ್ರಿಆಂಪ್ ಬೇರೆ ಪ್ಲಸ್ 3 ಇಟ್ಟಿದ್ರಿ, ಅಂದ್ರೆ ಆ ಜಾಗದಲ್ಲಿ ಒಟ್ಟು ಹತ್ತೂವರೆ ಡಿಬಿ ಏರಿಕೆ. 6 ಡಿಬಿ ಅಂದ್ರೆ ಅಲೆಯ ಎತ್ತರ ಎರಡು ಪಟ್ಟು, ಹತ್ತೂವರೆ ಅಂದ್ರೆ ಮೂರು ಪಟ್ಟಿಗಿಂತ ಜಾಸ್ತಿ. ಛಾವಣಿಗೆ ತಾಗ್ತಿರೋ ಅಲೆಯನ್ನ ಮೂರು ಪಟ್ಟು ಎತ್ತರ ಮಾಡಿ ಅದೇ ಮನೆಯೊಳಗೆ ನಿಲ್ಸಿ ಅಂದ್ರೆ ಹೇಗ್ರೀ.

ಪ್ಯಾರಾಮೆಟ್ರಿಕ್ ಇಕ್ಯೂ (ಯಾವ ಫ್ರೀಕ್ವೆನ್ಸಿ, ಎಷ್ಟು ಡಿಬಿ, ಎಷ್ಟು ಅಗಲ ಅಂತ ನಾವೇ ಆರಿಸೋದು) ಬಳಸೋರಿಗೆ ಈ ಕೂಡಿಕೆ ಇನ್ನೂ ಮೋಸ ಮಾಡತ್ತೆ. 105 ಹರ್ಟ್ಜ್‌ಗೆ ಪ್ಲಸ್ 5ರ ಲೋ ಶೆಲ್ಫ್ (ಅದಕ್ಕಿಂತ ಕೆಳಗಿರೋದನ್ನೆಲ್ಲ ಒಟ್ಟಿಗೆ ಏರಿಸೋ ಫಿಲ್ಟರ್) ಹಾಕಿರ್ತೀರಿ, ಸಾಲ್ದು ಅಂತ 60ಕ್ಕೆ ಪ್ಲಸ್ 4ರ ಇನ್ನೊಂದು ಫಿಲ್ಟರ್, ಎರಡೂ ಒಂದರ ಮೇಲೊಂದು ಕೂತು 60ರ ಹತ್ರ 8 ದಾಟಿರತ್ತೆ, ನೋಡೋಕೆ ಮಾತ್ರ ಎಲ್ಲೂ 5ಕ್ಕಿಂತ ದೊಡ್ಡ ಅಂಕಿ ಕಾಣಲ್ಲ. ಅದಕ್ಕೇ ಸ್ಲೈಡರ್ ಅಂಕಿ ನೋಡ್ಬೇಡಿ, ಎಲ್ಲ ಫಿಲ್ಟರ್ ಸೇರಿ ಬರೋ ಒಟ್ಟು ಗೆರೆ ನೋಡಿ, ಅದರ ಅತಿ ಎತ್ತರದ ತುದಿ ಎಲ್ಲಿದೆಯೋ ಅಷ್ಟು ಮೈನಸ್. ವಿಂಡೋಸಲ್ಲಿ ಈಕ್ವಲೈಜರ್ ಎಪಿಓ ಅನ್ನೋ ಇಕ್ಯೂ ಸಾಫ್ಟ್‌ವೇರ್ ಇದ್ರೆ ಅದರ ಎಡಿಟರಲ್ಲಿ ಕೆಳಗಡೆ ಗ್ರಾಫ್ ಬರತ್ತೆ, ಪಕ್ಕದಲ್ಲಿ ಪೀಕ್ ಗೇನ್ ಅಂತ ಒಂದು ಅಂಕಿ ತೋರ್ಸತ್ತೆ, ಆ ಅಂಕಿ ಸೊನ್ನೆಗೋ ಅದಕ್ಕಿಂತ ಕೆಳಗೋ ಬರೋವರೆಗೂ ಪ್ರಿಆಂಪ್ ಇಳಿಸಿ, ಅಷ್ಟೆ, ತಲೆ ಕೆಡಿಸ್ಕೊಳ್ಳೋದೇ ಬೇಡ. ನಾನು ಅದರ ಮೇಲೆ ಇನ್ನರ್ಧ ಡಿಬಿ ಬಿಡ್ತೀನಿ. ಎಂಪಿತ್ರೀ ತರದ ಕುಗ್ಗಿಸಿದ ಫೈಲ್ ಬಿಚ್ಚುವಾಗ ತುದಿಗಳು ಮೂಲಕ್ಕಿಂತ ಸ್ವಲ್ಪ ಮೇಲೆ ಹೋಗೋದುಂಟು, ಎರಡು ಸ್ಯಾಂಪಲ್ ನಡುವೆ ಅಲೆ ಸ್ಯಾಂಪಲ್‌ಗಿಂತ ಎತ್ತರ ಏರೋದೂ ಉಂಟು, ಅದಕ್ಕೆ ಆ ಅರ್ಧ.

ಇಲ್ಲೊಂದು ಮಾತು ಸೇರಿಸ್ಬೇಕು, ಎಲ್ಲ ಏರಿಕೆಗೂ ಒಂದೇ ದಂಡ ಇಲ್ಲ. ಹಾಡಿನ ಶಕ್ತಿ ಜಾಸ್ತಿ ಇರೋದು ಕೆಳಗಡೆ, ಕಿಕ್ ಡ್ರಮ್ಮು ಬಾಸ್ ಗಿಟಾರು ಎಲ್ಲ 50ರಿಂದ 100 ಹರ್ಟ್ಜ್ ಸುತ್ತಮುತ್ತ. ಅಲ್ಲಿ 6 ಡಿಬಿ ಏರಿಸಿದ್ರೆ ಹೆಚ್ಚುಕಮ್ಮಿ ಆರಕ್ಕಾರೂ ಛಾವಣಿಗೆ ಬಡಿಯತ್ತೆ. ಅದೇ 16 ಕಿಲೋಹರ್ಟ್ಜಲ್ಲಿ ಹಾಡಿನ ಮಾಲೇ ಇರೋದು ಚೂರು, ಅಲ್ಲಿ 5 ಏರಿಸಿದ್ರೂ ಒಡೆಯೋದು ಅಪರೂಪ. ಅಂದ್ರೆ ಪೀಕ್ ಗೇನ್ ಲೆಕ್ಕ ಏನಿದ್ಯೋ ಅದು ಅತಿ ಕೆಟ್ಟ ಸಂದರ್ಭದ ಲೆಕ್ಕ. ನಿಮ್ಮ ಗೆರೆಯ ಎತ್ತರದ ತುದಿ ಟ್ರೆಬಲ್ ಕಡೆ ಇದ್ರೆ ಒಂದೆರಡು ಡಿಬಿ ಕಮ್ಮಿ ಇಳಿಸಿದ್ರೂ ನಡಿಯತ್ತೆ, ಬಾಸ್ ಕಡೆ ಇದ್ರೆ ಚೌಕಾಸಿ ಮಾಡ್ಬೇಡಿ.

ಕೆಲವರು ವಾದ ಮಾಡ್ತಾರೆ, ಈಗಿನ ಸಾಫ್ಟ್‌ವೇರ್ ಎಲ್ಲ ಒಳಗಡೆ 32 ಬಿಟ್ ಫ್ಲೋಟಲ್ಲಿ, ಅಂದ್ರೆ ದಶಾಂಶ ಸಂಖ್ಯೆಯಲ್ಲಿ ಲೆಕ್ಕ ಹಾಕತ್ತೆ, ಅಲ್ಲಿ ಸೊನ್ನೆ ದಾಟಿದ್ರೂ ಒಡಿಯಲ್ಲ ಅಂತ. ಮಾತು ಸರಿ, ಒಳಗಡೆ ಒಡಿಯಲ್ಲ. ಆದ್ರೆ ಕೊನೆಗೆ ಅದು ಡ್ಯಾಕ್‌ಗೆ ಹೋಗ್ಲೇಬೇಕಲ್ಲ, ಡ್ಯಾಕ್‌ಗೆ ಬೇಕಾಗಿರೋದು ಪೂರ್ಣಾಂಕ, ಆ ಬಾಗಿಲಲ್ಲಿ ತಲೆ ಬಡ್ಕೊಳ್ಳೋದು ತಪ್ಪಲ್ಲ. ಮತ್ತೆ ಕೆಲವು ಕಡೆ ಕೊನೇಲಿ ಒಂದು ಲಿಮಿಟರ್ (ಸೌಂಡ್ ಮಿತಿ ದಾಟದ ಹಾಗೆ ತಾನಾಗೇ ತಗ್ಗಿಸೋದು) ಕಾವಲು ಕೂತಿರತ್ತೆ, ವಿಂಡೋಸಲ್ಲೇ ಅಂಥದ್ದೊಂದು ಇದೆ, ಫೋನಿನ ಎಷ್ಟೋ ಇಕ್ಯೂ ಆಪಲ್ಲೂ ಇರತ್ತೆ. ಅದಿದ್ರೆ ಪರಪರ ಕೇಳ್ಸಲ್ಲ, ಬದ್ಲಿಗೆ ಪ್ರತಿ ಕಿಕ್ ಡ್ರಮ್ ಏಟಿಗೂ ಹಾಡೋರ ದನಿ ಒಂದು ಹೆಜ್ಜೆ ಹಿಂದೆ ಸರಿದಂಗೆ ಆಗಿ ಮತ್ತೆ ಮುಂದೆ ಬರತ್ತೆ, ಹಾಡು ಉಸಿರಾಡ್ತಿದೆ ಅನ್ಸತ್ತೆ. ಬಹಳ ಜನ ಅದನ್ನ ಹೆಡ್‌ಫೋನ್ ದೋಷ ಅಂದ್ಕೊಂಡು ಇರೋ ಹೆಡ್‌ಫೋನ್ ಮಾರಿ ಇನ್ನೊಂದು ತಗೋತಾರೆ, ಪಾಪ.

ಒಡೆಯೋದು ಎಲ್ಲಿ ಅಂತ ಕಂಡುಹಿಡಿಯೋಕೆ ಐದು ನಿಮಿಷದ ಪರೀಕ್ಷೆ ಇದೆ, ನಿಮ್ಮ ಡ್ಯಾಕ್-ಆಂಪಲ್ಲೇ ಮಾಡಿ ನೋಡಿ. ಒಡೆಯೋ ಹಾಡಿನ ಒಡೆಯೋ ಜಾಗ ಹುಡುಕಿ, ಹತ್ತು ಸೆಕೆಂಡ್ ಲೂಪ್ ಮಾಡ್ಕೊಳ್ಳಿ. ಹಾಡು ಹಾಡಿಸೋ ಪ್ಲೇಯರ್ ಒಳಗೆ ಅದರದ್ದೇ ವಾಲ್ಯೂಮ್ ಪಟ್ಟಿ ಇರತ್ತಲ್ಲ, ವಿಂಡೋಸಿನದ್ದಲ್ಲ, ಪ್ಲೇಯರ್‌ದು, ಅದನ್ನ ಚೆನ್ನಾಗಿ ಇಳಿಸಿ, ಇಳಿಸಿದಷ್ಟನ್ನ ಆಂಪಿನ ನಾಬಲ್ಲಿ ಏರಿಸಿ ಕಿವಿಗೆ ಮೊದಲಿನಷ್ಟೇ ಸೌಂಡ್ ಬರೋ ಹಾಗೆ ಮಾಡಿ. ಈಗ ಪರಪರ ಹೋಯ್ತಾ? ಹಾಗಾದ್ರೆ ಅದು ಡಿಜಿಟಲ್ ಕ್ಲಿಪ್ಪಿಂಗೇ, ಯಾಕಂದ್ರೆ ಪ್ಲೇಯರಿನ ವಾಲ್ಯೂಮ್ ಇಕ್ಯೂಗಿಂತ ಮೊದ್ಲು ಬರತ್ತೆ, ಅಲ್ಲಿ ಇಳಿಸಿದ್ರೆ ಇಕ್ಯೂಗೆ ತಲೆ ಎತ್ತೋಕೆ ಜಾಗ ಸಿಗತ್ತೆ. ಪ್ರಿಆಂಪ್ ಮಾಡೋದೂ ಇದೇ ಕೆಲಸಾನೇ. ಹೋಗ್ಲಿಲ್ವಾ, ಅದೇ ಜಾಗದಲ್ಲಿ ಹಾಗೇ ಒಡೀತಿದ್ಯಾ? ಹಾಗಿದ್ರೆ ಆಂಪ್ ಸುಸ್ತಾಗಿದೆ, ಇಲ್ಲ ಹೆಡ್‌ಫೋನ್ ಒಳಗಿನ ಡ್ರೈವರ್ (ಸೌಂಡ್ ಹುಟ್ಟಿಸೋ ಪುಟ್ಟ ಸ್ಪೀಕರ್) ಅಷ್ಟು ಬಾಸ್ ತಡ್ಕೊಳ್ತಿಲ್ಲ, ಇಲ್ಲ ಹಾಡೇ ರೆಕಾರ್ಡಿಂಗಲ್ಲೇ ಒಡೆದಿದೆ, ಇಕ್ಯೂ ಪೂರ್ತಿ ಆಫ್ ಮಾಡಿ ಕೇಳಿದ್ರೆ ಆ ಮೂರನೇದು ಗೊತ್ತಾಗತ್ತೆ. ಒಡೆದ ಮೇಲೆ ಆಂಪಿನ ನಾಬ್ ಇಳಿಸೋದ್ರಿಂದ ಏನೂ ಪ್ರಯೋಜನ ಇಲ್ಲ ಅನ್ನೋದೂ ಇದರಲ್ಲೇ ಅರ್ಥ ಆಗತ್ತೆ, ಒಡೆದ ಸೌಂಡೇ ಸಣ್ಣಗೆ ಕೇಳ್ಸತ್ತೆ, ಅಷ್ಟೆ.

ಈಗ ಜೀವ ಇಲ್ಲ ಅಂದ್ರಲ್ಲ, ಅದು. ನಮ್ಮ ಕಿವಿಗೆ ಒಂದು ಚಾಳಿ ಇದೆ, ಸೌಂಡ್ ಕಮ್ಮಿ ಆದಾಗ ಎಲ್ಲ ಫ್ರೀಕ್ವೆನ್ಸಿಯೂ ಒಂದೇ ಸಮ ಕಮ್ಮಿ ಆದಂಗೆ ಕೇಳ್ಸಲ್ಲ, ಬಾಸ್ ಮೊದ್ಲು ಮಾಯ ಆಗತ್ತೆ. ಇದನ್ನ ಫ್ಲೆಚರ್ ಮತ್ತೆ ಮನ್ಸನ್ ಅನ್ನೋರು 1933ರಲ್ಲೇ ಅಳೆದು ಗೆರೆ ಹಾಕಿ ತೋರ್ಸಿದ್ರು, ಅದರ ಈಗಿನ ರೂಪ ಐಎಸ್ಓ 226 ಅನ್ನೋ ಸ್ಟ್ಯಾಂಡರ್ಡಲ್ಲಿದೆ. ನೀವು ಪ್ಲಸ್ 3ರಿಂದ ಮೈನಸ್ 10ಕ್ಕೆ ಬಂದ್ರಿ, ಅಂದ್ರೆ 13 ಡಿಬಿ ಇಳಿತ, 10 ಡಿಬಿ ಇಳಿದ್ರೆ ಕಿವಿಗೆ ಸೌಂಡ್ ಅರ್ಧ ಆದಂಗೆ ಅನ್ಸತ್ತೆ, ಅದರ ಮೇಲೆ ಬಾಸ್ ಇನ್ನೂ ಜಾಸ್ತಿ ಕುಸಿದಂಗೆ. ಜೀವ ಹೋಗ್ದೆ ಇನ್ನೇನಾಗತ್ತೆ. ಇನ್ನೊಂದು, ಒಂದೇ ಹಾಡನ್ನ ಎರಡು ಸಲ ಕೇಳ್ಸಿ ಎರಡನೇ ಸಲ ಒಂದು ಡಿಬಿ ಜಾಸ್ತಿ ಇಟ್ರೆ ಜನ ಜೋರು ಅನ್ನಲ್ಲ, ಚೆನ್ನಾಗಿದೆ ಅಂತಾರೆ, ಕ್ಲಿಯರ್ ಆಗಿದೆ ಅಂತಾರೆ. ನಾನೂ ಅಂತೀನಿ, ಗೊತ್ತಿದ್ದೂ ಮೋಸ ಹೋಗ್ತೀನಿ.

ಹಾಗಾಗಿ ಇಕ್ಯೂ ಆನ್ ಆಫ್ ಮಾಡಿ ಹೋಲಿಸುವಾಗ ಸೌಂಡ್ ಸಮ ಮಾಡ್ಕೊಳ್ದೆ ತೀರ್ಪು ಕೊಡ್ಬೇಡಿ. ಆಫ್ ಮಾಡಿದ್ರೆ ಪ್ರಿಆಂಪ್ ಕೂಡ ಆಫ್ ಆಗೋದ್ರಿಂದ ಇಕ್ಯೂ ಇಲ್ಲದ್ದು 8 ಡಿಬಿ ಜೋರಾಗಿ ಬಂದು ಯಾವಾಗ್ಲೂ ಗೆಲ್ಲತ್ತೆ. ನಾನು ಮಾಡೋದು ಹೀಗೆ: ಎರಡು ಪ್ರೊಫೈಲ್ ಇಟ್ಕೊಳ್ತೀನಿ, ಒಂದರಲ್ಲಿ ಇಕ್ಯೂ ಮತ್ತೆ ಪ್ರಿಆಂಪ್, ಇನ್ನೊಂದರಲ್ಲಿ ಬರೀ ಪ್ರಿಆಂಪ್ ಅಷ್ಟೆ, ಫಿಲ್ಟರ್ ಒಂದೂ ಇಲ್ಲ. ಎರಡರ ನಡುವೆ ಹಾಡೋರ ದನಿ ಒಂದೇ ದೂರದಲ್ಲಿ ನಿಂತಂಗೆ ಕೇಳ್ಸೋವರೆಗೂ ಎರಡನೇದರ ಪ್ರಿಆಂಪ್ ಅರ್ಧ ಅರ್ಧ ಡಿಬಿ ಸರಿ ಮಾಡಿ, ಆಮೇಲೆ ಹೋಲಿಸ್ತೀನಿ. ಹೀಗೆ ಮಾಡಿದ್ಮೇಲೆ ನನ್ನ ಹಳೇ ಸೆಟ್ಟಿಂಗ್‌ಗಳಲ್ಲಿ ಅರ್ಧಕ್ಕರ್ಧ ಕಸದ ಬುಟ್ಟಿಗೆ ಹೋದ್ವು.

ಡಿಜಿಟಲಲ್ಲಿ 8 ಡಿಬಿ ಇಳಿಸಿದ್ರೆ ಕ್ವಾಲಿಟಿ ಹೋಗಲ್ವಾ ಅನ್ನೋ ಭಯ ಬೇಡ. ಒಂದು ಬಿಟ್ ಅಂದ್ರೆ ಸುಮಾರು 6 ಡಿಬಿ, 8 ಡಿಬಿ ಇಳಿಸಿದ್ರೆ ಸುಮಾರು ಒಂದೂಕಾಲು ಬಿಟ್ ಹೋಯ್ತು ಅಂತ ಇಟ್ಕೊಳ್ಳಿ. ಡ್ಯಾಕ್‌ಗೆ 24 ಬಿಟ್ ಕೊಡ್ತಿದ್ರೆ ಲೆಕ್ಕದ ಪ್ರಕಾರ 144 ಡಿಬಿ ಜಾಗ ಇದೆ, ಯಾವ ಡ್ಯಾಕೂ ಅಷ್ಟನ್ನ ಪೂರ್ತಿ ಬಳಸೋಕೇ ಆಗಲ್ಲ, ಅದರ ಸ್ವಂತ ನಾಯ್ಸ್ ಅದಕ್ಕಿಂತ ಮೇಲಿರತ್ತೆ. ವಿಂಡೋಸಿನ ಸೌಂಡ್ ಸೆಟ್ಟಿಂಗಲ್ಲಿ ಔಟ್‌ಪುಟ್ 24 ಬಿಟ್ ಇದ್ಯಾ ಅಂತ ಒಂದ್ಸಲ ನೋಡ್ಕೊಂಡು ಸುಮ್ನಾಗಿ.

ನಿಜವಾದ ತೊಂದ್ರೆ ಬರೋದು ಆಂಪಿಗೆ ಶಕ್ತಿ ಇಲ್ಲದಾಗ. ಒಂದು ಉದಾಹರಣೆ ಲೆಕ್ಕ ಮಾಡೋಣ. ಡಾಂಗಲ್ ಅಂತಾರಲ್ಲ, ಆ ಪುಟ್ಟ ಯುಎಸ್‌ಬಿ ಸಾಧನಗಳಲ್ಲಿ ಎಷ್ಟೋ 1 ವೋಲ್ಟ್ ಕೊಡತ್ವೆ. ಹೆಡ್‌ಫೋನ್ 1 ವೋಲ್ಟ್‌ಗೆ 97 ಡಿಬಿ ಸೌಂಡ್ ಕೊಡೋ ಅಂಥದ್ದು ಅಂತಿರ್ಲಿ, 300 ಓಮಿನ ಕೆಲವು ದೊಡ್ಡ ಹೆಡ್‌ಫೋನುಗಳು ಹೀಗಿರತ್ವೆ. ಇಕ್ಯೂ ಇಲ್ದೆ ನಾಬ್ ಪೂರ್ತಿ ತಿರುಗಿಸಿದ್ರೆ ಅತಿ ಜೋರಾದ ತುದಿ 97. ಪ್ರಿಆಂಪ್ 8 ಇಳಿಸಿದ್ರೆ, ಬಾಸ್ ಬಿಟ್ಟು ಉಳಿದಿದ್ದು 89. ಹಾಡಿನ ಸರಾಸರಿ ಮಟ್ಟ ತುದಿಗಿಂತ ಹತ್ತು ಹದಿನೈದು ಡಿಬಿ ಕೆಳಗಿರತ್ತೆ, ಅಂದ್ರೆ ಎಪ್ಪತ್ತೈದರ ಆಸುಪಾಸು. ಸಮಾಧಾನವಾಗಿ ಕೇಳೋರಿಗೆ ಸಾಕು, ಜೋರಾಗಿ ಕೇಳೋರಿಗೆ ಸಾಲಲ್ಲ. ಸಾಲ್ದೇ ಇದ್ರೆ ಪರಿಹಾರ ಎರಡೇ, ಜಾಸ್ತಿ ವೋಲ್ಟ್ ಕೊಡೋ ಆಂಪ್, ಇಲ್ಲ ಬಾಸ್ ಆಸೆ ಸ್ವಲ್ಪ ಕಮ್ಮಿ. ಪ್ರಿಆಂಪ್ ಏರಿಸೋದು ಮೂರನೇ ಪರಿಹಾರ ಅಲ್ಲ, ಅದು ಮೊದಲನೇ ತೊಂದರೆಗೆ ವಾಪಸ್ ಹೋಗೋ ದಾರಿ.

ಬರೀ ಇಳಿಸ್ಬೇಕು, ಏರಿಸ್ಬಾರ್ದು ಅನ್ನೋ ಮಾತಿನ ಬಗ್ಗೆ. ಅರ್ಧ ಸತ್ಯ ಅದು. ಬಾಸ್ 6 ಏರಿಸಿ ಪ್ರಿಆಂಪ್ 6 ಇಳಿಸೋದೂ, ಬಾಸ್ ಮುಟ್ದೆ ಉಳಿದದ್ದೆಲ್ಲ 6 ಇಳಿಸೋದೂ, ಗೆರೆ ಒಂದೇ ಆಕಾರ ಬಂದ್ರೆ ಕಿವಿಗೆ ಒಂದೇ. ಬರೀ ಇಳಿಸಿ ಅಂತ ಹೇಳೋರು ಪ್ರಿಆಂಪ್ ಮರ್ತುಹೋಗೋರಿಗೆ ಒಂದು ಬೇಲಿ ಹಾಕ್ತಿದಾರೆ, ಅಷ್ಟೆ, ಮಾತಲ್ಲಿ ಬೇರೆ ಮರ್ಮ ಇಲ್ಲ. ಆದ್ರೆ ಇನ್ನೊಂದು ದೃಷ್ಟಿಯಿಂದ ಅದು ಒಳ್ಳೇ ಸಲಹೆ, ಯಾಕಂದ್ರೆ ಹೆಡ್‌ಫೋನ್‌ಗಳಲ್ಲಿ ಕಿವಿಗೆ ಚುಚ್ಚೋದು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಎದ್ದಿರೋ ಶಿಖರ, ಅದನ್ನ ತಗ್ಗಿಸಿದ್ರೆ ಉಳಿದದ್ದೆಲ್ಲ ತಾನಾಗೇ ಬೆಳಕಿಗೆ ಬರತ್ತೆ. ನೀವು 8ಕ್ಕೆ ಪ್ಲಸ್ 4 ಇಟ್ಟಿದ್ದು ನೋಡಿ ನಂಗೆ ಅನುಮಾನ, ಬಾಸ್ ಅತಿಯಾಗಿ ಎಲ್ಲ ಮಂಕಾಯ್ತು ಅಂತ ಅದನ್ನ ಸರಿದೂಗಿಸೋಕೆ ಟ್ರೆಬಲ್ ಏರಿಸಿದೀರಿ. ಮೊದ್ಲು ಬಾಸನ್ನ 3ಕ್ಕೆ ಇಳಿಸಿ, ಟ್ರೆಬಲ್ ಸೊನ್ನೆ ಮಾಡಿ, ಎರಡು ದಿನ ಕೇಳಿ. ಮೊದಲನೇ ದಿನ ಬೇಜಾರಾಗತ್ತೆ, ತಡ್ಕೊಳ್ಳಿ.

ಆ ಚುಚ್ಚೋ ಶಿಖರ ಹುಡುಕೋದು ಹೇಗೆ ಅಂದ್ರೆ, ಟೋನ್ ಜನರೇಟರ್ ಅಂತ ಹುಡುಕಿದ್ರೆ ಬೇಕಾದಷ್ಟು ಸಿಗತ್ವೆ, ಒಂದು ತೆಗೀರಿ, ಸೌಂಡ್ ತುಂಬಾ ಕಮ್ಮಿ ಇಡಿ, ಇದು ಮುಖ್ಯ, ಆಮೇಲೆ 4 ಕಿಲೋಹರ್ಟ್ಜಿಂದ ನಿಧಾನ ಮೇಲಕ್ಕೆ ಎಳೀತಾ ಹೋಗಿ. ಪೀ ಅನ್ನೋ ದನಿ ಸಮವಾಗಿ ಹೋಗ್ತಾ ಹೋಗ್ತಾ ಎಲ್ಲೋ ಒಂದು ಕಡೆ, 6 ಅಥವಾ 8ರ ಹತ್ರ ಅಂತಿಟ್ಕೊಳ್ಳಿ, ಸೂಜಿ ಚುಚ್ಚಿದಂಗೆ ಏಕಾಏಕಿ ಜೋರಾಗತ್ತೆ, ಮುಂದೆ ಹೋದ್ರೆ ಮತ್ತೆ ತಗ್ಗತ್ತೆ. ಹಿಂದೆ ಮುಂದೆ ಎರಡ್ಮೂರು ಸಲ ಎಳೆದು ಆ ತುದಿ ಹಿಡೀರಿ, ಅಂಕಿ ಬರ್ಕೊಳ್ಳಿ. ಪ್ಯಾರಾಮೆಟ್ರಿಕಲ್ಲಿ ಅಲ್ಲಿಗೆ ಒಂದು ಪೀಕ್ ಫಿಲ್ಟರ್, ಕ್ಯೂ (ಫಿಲ್ಟರ್ ಎಷ್ಟು ಕಿರಿದು ಅನ್ನೋ ಅಂಕಿ) 4, ಗೇನ್ ಮೈನಸ್ 3. ಮತ್ತೆ ಎಳೆದು ನೋಡಿ, ಇನ್ನೂ ಚುಚ್ಚಿದ್ರೆ ಮೈನಸ್ 5. ಹೆಡ್‌ಫೋನ್ ತೆಗೆದು ಮತ್ತೆ ಹಾಕಿಕೊಂಡು ಇನ್ನೊಂದ್ಸಲ ಮಾಡಿ, ಯಾಕಂದ್ರೆ ಅಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಹೆಡ್‌ಫೋನ್ ಕಿವಿ ಮೇಲೆ ಅರ್ಧ ಇಂಚು ಸರಿದ್ರೂ ಶಿಖರ ಜಾಗ ಬದಲಾಯಿಸತ್ತೆ, ಎರಡು ಸಲಾನೂ ಅದೇ ಜಾಗದಲ್ಲಿ ಸಿಕ್ರೆ ಮಾತ್ರ ಫಿಲ್ಟರ್ ಇಟ್ಕೊಳ್ಳಿ. 3 ಕಿಲೋಹರ್ಟ್ಜ್ ಹತ್ರ ಏನಾದ್ರೂ ಎದ್ದಂಗೆ ಅನ್ಸಿದ್ರೆ ಅದನ್ನ ಮುಟ್ಟೋಕೆ ಅವಸರ ಮಾಡ್ಬೇಡಿ, ಅದು ನಮ್ಮ ಕಿವಿ ನಾಳದ ಸಹಜ ಅನುರಣನದ ಜಾಗ, ಅಲ್ಲಿ ಎತ್ತರ ಇರ್ಬೇಕಾದ್ದೇ. ನಿಮ್ಮ ಹತ್ತು ಬ್ಯಾಂಡಿನ ಗ್ರಾಫಿಕ್ ಇಕ್ಯೂಲಿ ಇದೆಲ್ಲ ಆಗಲ್ಲ, ಒಂದೊಂದು ಬ್ಯಾಂಡೂ ಒಂದು ಆಕ್ಟೇವ್ (ಫ್ರೀಕ್ವೆನ್ಸಿ ಎರಡು ಪಟ್ಟಾಗೋವಷ್ಟು ದೂರ) ಅಗಲ, ಸೂಜಿ ಕೆಲಸಕ್ಕೆ ಹಾರೆ ತಗೊಂಡಂಗೆ.

ಬಾಸ್ ಏರಿಸೋಕೂ ಮೊದ್ಲು ಇನ್ನೊಂದು ನೋಡಿ. ಹಾಡು ಹಾಕಿ ಎರಡೂ ಕಪ್ಪನ್ನ ಅಂಗೈಯಿಂದ ಮೆಲ್ಲಗೆ ಒತ್ತಿ. ಬಾಸ್ ಥಟ್ ಅಂತ ಜಾಸ್ತಿ ಆಯ್ತಾ? ಹಾಗಾದ್ರೆ ಗಾಳಿ ಸೋರ್ತಿದೆ, ಕನ್ನಡಕದ ಕಡ್ಡಿ ಇರ್ಬಹುದು, ಕೂದಲು ಇರ್ಬಹುದು, ಪ್ಯಾಡ್ ಹಳೇದಾಗಿ ಗಟ್ಟಿ ಆಗಿರ್ಬಹುದು. ಇಯರ್‌ಫೋನ್ ಆದ್ರೆ ಟಿಪ್ ಸೈಜ್ ಸಣ್ಣದು. ಸೋರೋ ಬಾಸನ್ನ ಇಕ್ಯೂಲಿ ತುಂಬಿಸೋಕೆ ಹೊರಟ್ರೆ ತೂತು ಬಿದ್ದ ಕೊಡ ತುಂಬಿಸಿದಂಗೆ, ಅದರ ಜೊತೆ 8 ಡಿಬಿ ಹೆಡ್‌ರೂಮೂ (ಛಾವಣಿವರೆಗಿನ ಖಾಲಿ ಜಾಗ) ಹೋಯ್ತು. ಎಷ್ಟೋ ಜನರ ಪ್ಲಸ್ 6 ಒಂದು ಜೊತೆ ಸರಿಯಾದ ಟಿಪ್ ಹಾಕಿದ್ಮೇಲೆ ಪ್ಲಸ್ 2ಕ್ಕೆ ಬಂದಿದ್ದು ನೋಡಿದೀನಿ. ಓಪನ್ ಬ್ಯಾಕ್ ಹೆಡ್‌ಫೋನ್ (ಕಪ್ಪಿನ ಹಿಂಭಾಗ ತೆರೆದಿರೋದು) ಆದ್ರೆ ಒತ್ತೋ ಪರೀಕ್ಷೆ ಅಷ್ಟು ಸರಿ ಹೇಳಲ್ಲ, ಅವುಗಳಲ್ಲಿ 40 ಹರ್ಟ್ಜ್ ಕೆಳಗೆ ಬಾಸ್ ಜಾರಿ ಹೋಗೋದು ಸಹಜ, ಅಲ್ಲಿ ಜಾಸ್ತಿ ಎಳೆದ್ರೆ ಡ್ರೈವರ್ ಒದ್ದಾಡಿ ಡಿಸ್ಟಾರ್ಷನ್ ಕೊಡತ್ತೆ.

ಸ್ವಂತ ತಲೆನೋವು ಬೇಡ ಅಂದ್ರೆ ಆಟೋಇಕ್ಯೂ ಅನ್ನೋ ಪ್ರಾಜೆಕ್ಟ್ ಇದೆ, ಸಾವಿರಾರು ಹೆಡ್‌ಫೋನ್‌ಗಳ ಅಳತೆ ಇಟ್ಕೊಂಡು ಒಂದೊಂದಕ್ಕೂ ಫಿಲ್ಟರ್ ಪಟ್ಟಿ ಕೊಡತ್ತೆ, ಮೊದಲನೇ ಸಾಲಲ್ಲೇ ಪ್ರಿಆಂಪ್ ಮೈನಸ್ ಇಷ್ಟು ಅಂತ ಬರೆದಿರತ್ತೆ. ಆ ಸಾಲನ್ನ ಬಿಟ್ಟು ಉಳಿದಿದ್ದನ್ನ ಮಾತ್ರ ಕಾಪಿ ಮಾಡೋ ಮಹಾನುಭಾವರಿದಾರೆ, ನೀವು ಹಾಗ್ಮಾಡ್ಬೇಡಿ. ಅಲ್ಲಿ ಹೆಚ್ಚಾಗಿ ಗುರಿ ಇಟ್ಕೊಂಡಿರೋದು ಹರ್ಮನ್ ಟಾರ್ಗೆಟ್ ಅನ್ನೋ ಗೆರೆ, ಸೌಂಡ್ ಸಂಶೋಧಕ ಶಾನ್ ಆಲಿವ್ ಮತ್ತೆ ಅವರ ಜೊತೆಗಾರರು ಬಹಳಷ್ಟು ಕೇಳುಗರನ್ನ ಕೂರಿಸಿ ಪರೀಕ್ಷೆ ಮಾಡಿ ಕಂಡುಕೊಂಡಿದ್ದು. ಅದು ಸರಾಸರಿ ಇಷ್ಟ, ನಿಮ್ಮ ಇಷ್ಟ ಅಲ್ಲ, ಅದಕ್ಕೆ ಬಾಸ್ ಶೆಲ್ಫನ್ನ 2–3 ಡಿಬಿ ಆಚೆ ಈಚೆ ಮಾಡ್ಕೊಳ್ಳೋದು ತಪ್ಪಲ್ಲ. ಆದ್ರೆ ಶೆಲ್ಫ್ 2 ಏರಿಸಿದ್ರೆ ಪ್ರಿಆಂಪ್ ಇನ್ನೂ 2 ಇಳಿಸ್ಬೇಕು, ಅವರು ಕೊಟ್ಟ ಅಂಕಿ ಅವರ ಗೆರೆಗೆ ಮಾತ್ರ. 8–10 ಕಿಲೋಹರ್ಟ್ಜ್ ಮೇಲೆ ಅವರು ಕೊಡೋ ತಿದ್ದುಪಡಿಗಳನ್ನ ನಾನು ಹೆಚ್ಚಾಗಿ ಕಿತ್ತು ಹಾಕ್ತೀನಿ, ಅಳತೆ ಯಂತ್ರದ ಕಿವಿ ಬೇರೆ ನನ್ನ ಕಿವಿ ಬೇರೆ, ಅಷ್ಟು ಮೇಲೆ ಆ ವ್ಯತ್ಯಾಸ ದೊಡ್ಡದು.

ನನ್ನ ಸ್ವಂತ ಪೆದ್ದುತನ ಒಂದು ಹೇಳ್ತೀನಿ. ಒಂದು ಸಲ ಪ್ರಿಆಂಪ್ ಎಲ್ಲ ಲೆಕ್ಕ ಹಾಕಿ ಮೈನಸ್ 6.5 ಇಟ್ಟಿದ್ರೂ ಬಾಸ್ ಒಡೀತಿತ್ತು. ಕೇಬಲ್ ಬದಲಾಯಿಸ್ದೆ, ಆಂಪ್ ಬದಲಾಯಿಸ್ದೆ, ಡ್ರೈವರ್ ಹೋಯ್ತು ಅಂತ ಹೆಡ್‌ಫೋನ್ ಬಿಚ್ಚೋಕೂ ಕೂತಿದ್ದೆ. ಎರಡು ವಾರ ಆದ್ಮೇಲೆ ಗೊತ್ತಾಯ್ತು, ಲ್ಯಾಪ್‌ಟಾಪ್ ಜೊತೆ ಬಂದಿದ್ದ ಸೌಂಡ್ ಸಾಫ್ಟ್‌ವೇರ್ ಒಂದು ಅಪ್‌ಡೇಟ್ ಆದಾಗ ತಾನಾಗೇ ಬಾಸ್ ಬೂಸ್ಟ್ ಆನ್ ಮಾಡ್ಕೊಂಡು ಕೂತಿದೆ ಅಂತ. ನಾನು ಮುಂದಿನ ಬಾಗಿಲಿಗೆ ಬೀಗ ಹಾಕ್ತಿದ್ದೆ, ಅದು ಹಿಂದಿನ ಬಾಗಿಲಿಂದ ಬರ್ತಿತ್ತು. ಹಾಗಾಗಿ ಇಕ್ಯೂ ಒಂದೇ ಕಡೆ ಇರ್ಲಿ. ಲ್ಯಾಪ್‌ಟಾಪಿನ ಎನ್‌ಹ್ಯಾನ್ಸ್‌ಮೆಂಟು, ಪ್ಲೇಯರ್ ಒಳಗಿನ ಇಕ್ಯೂ, ಡಾಲ್ಬಿ, ಸರೌಂಡು, ಲೌಡ್‌ನೆಸ್ಸು ಏನೇನಿದ್ಯೋ ಎಲ್ಲ ಆಫ್ ಮಾಡಿ ಆಮೇಲೆ ಶುರು ಮಾಡಿ.

ಸ್ಟ್ರೀಮಿಂಗ್ ಆಪಲ್ಲಿ ಕೇಳೋದಾದ್ರೆ ನಾರ್ಮಲೈಸೇಶನ್ ಆನ್ ಇಟ್ಕೊಳ್ಳಿ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಲ್ಲಿ ಹಾಡುಗಳನ್ನ ಮೈನಸ್ 14 ಎಲ್‌ಯುಎಫ್ಎಸ್ (ಹಾಡು ಒಟ್ಟಾರೆ ಎಷ್ಟು ಜೋರು ಅನ್ನೋ ಅಳತೆ) ಅನ್ನೋ ಮಟ್ಟಕ್ಕೆ ತರತ್ತೆ, ಅತಿ ಜೋರಾಗಿ ಮಾಸ್ಟರ್ ಆದ ಹಾಡು ಮೈನಸ್ 8 ಇದ್ರೆ ಅದೇ 6 ಡಿಬಿ ಇಳಿಸಿ ಕೊಟ್ಬಿಡತ್ತೆ, ಪುಕ್ಕಟೆ ಹೆಡ್‌ರೂಂ. ಅದನ್ನ ನಂಬ್ಕೊಂಡು ಪ್ರಿಆಂಪ್ ಸೊನ್ನೆ ಮಾಡ್ಬೇಡಿ ಮತ್ತೆ, ಮೆಲ್ಲಗೆ ಶುರುವಾಗಿ ಒಮ್ಮೆ ಭೋರ್ಗರೆಯೋ ಸಂಗೀತದಲ್ಲಿ ತುದಿಗಳು ಆಗ್ಲೂ ಛಾವಣಿ ಹತ್ರಾನೇ ಇರತ್ವೆ. ಆಫ್‌ಲೈನ್ ಫೈಲ್ ಇಟ್ಟಿರೋರಿಗೆ ಇದೇ ಕೆಲಸಕ್ಕೆ ರಿಪ್ಲೇಗೇನ್ ಇದೆ.

ನಾಬ್ ಏರಿಸಿ ಏರಿಸಿ ಅಂತ ಹೇಳ್ತಿದೀನಿ, ಕಿವಿ ಬಗ್ಗೆನೂ ಹೇಳ್ಬೇಕಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 80 ಡಿಬಿಯಲ್ಲಿ ವಾರಕ್ಕೆ 40 ಗಂಟೆ, ಅಲ್ಲಿಂದ ಪ್ರತಿ 3 ಡಿಬಿ ಏರಿದ್ರೂ ಸಮಯ ಅರ್ಧ. ಈ ಡಿಬಿ ಕಿವಿ ಹತ್ರ ಅಳೆಯೋ ಡಿಬಿ, ಇಕ್ಯೂ ಸ್ಲೈಡರಿನ ಡಿಬಿ ಬೇರೆ, ಎರಡನ್ನ ಬೆರೆಸ್ಬೇಡಿ. ಪ್ರಿಆಂಪ್ ಇಳಿಸಿದಷ್ಟು ನಾಬ್ ಏರಿಸಿದ್ರೆ ಕಿವಿಗೆ ಮೊದಲಿನಷ್ಟೇ, ಆದ್ರೆ ನಾಬ್ ಏರಿಸಿಟ್ಟು ಮಾರನೇ ದಿನ ಇಕ್ಯೂ ಆಫ್ ಆಗಿರೋದು ಮರ್ತು ಹಾಡು ಹಾಕಿದ್ರೆ 8 ಡಿಬಿ ಜಾಸ್ತಿ ಕಪಾಳಕ್ಕೆ ಹೊಡೆದಂಗೆ ಬರತ್ತೆ. ಹೆಡ್‌ಫೋನ್ ಕಿವಿಗೆ ಹಾಕೋಕೂ ಮೊದ್ಲು ಪ್ಲೇ ಒತ್ತಿ ಕೈಯಲ್ಲೇ ಹಿಡಿದು ಕೇಳೋ ಅಭ್ಯಾಸ ಇದ್ರಿಂದಲೇ ನಂಗೆ ಬಂದಿದ್ದು.

ಇನ್ನು ಬ್ಲೂಟೂತ್. ಲೆಕ್ಕ ಅದೇ, ಇಕ್ಯೂ ಎಲ್ಲಿದೆ ಅನ್ನೋದು ಮಾತ್ರ ಬೇರೆ. ಫೋನಲ್ಲಿ ವೇವ್‌ಲೆಟ್ ಥರದ ಆಪ್ ಇಕ್ಯೂ ಮಾಡಿದ್ರೆ ಅದಾದ್ಮೇಲೆ ಬ್ಲೂಟೂತ್ ಕೋಡೆಕ್ ಕುಗ್ಗಿಸಿ ಕಳಿಸತ್ತೆ, ಅಲ್ಲಿ ಒಡೆದಿದ್ದು ಒಡೆದಂಗೇ ಹೋಗತ್ತೆ, ಪ್ರಿಆಂಪ್ ಇಳಿಸ್ಲೇಬೇಕು. ಅದೇ ಹೆಡ್‌ಫೋನ್ ಕಂಪನಿ ಆಪಲ್ಲಿ ಇಕ್ಯೂ ಮಾಡಿದ್ರೆ ಸಾಮಾನ್ಯವಾಗಿ ಆ ಸೆಟ್ಟಿಂಗ್ ಹೆಡ್‌ಫೋನ್ ಒಳಗಿನ ಚಿಪ್ಪಲ್ಲಿ ಕೂರತ್ತೆ, ಅಂಥ ಆಪಲ್ಲಿ ಪ್ರಿಆಂಪ್ ಅಂತ ಹೆಚ್ಚಾಗಿ ಕಾಣಲ್ಲ, ಕಂಪನಿಯವ್ರೇ ಒಳಗೆ ಜಾಗ ಬಿಟ್ಟೋ ಲಿಮಿಟರ್ ಹಾಕಿಯೋ ನೋಡ್ಕೊಂಡಿರ್ತಾರೆ. ಅಲ್ಲಿ ನೀವು ಮಾಡ್ಬೇಕಾದ್ದು ಇಷ್ಟೆ, ಸ್ಲೈಡರ್ 3ಕ್ಕಿಂತ ಮೇಲೆ ಹೋಗ್ದಂಗೆ ನೋಡ್ಕೊಂಡು, ಬಾಸ್ ಜೋರಿರೋ ಹಾಡಲ್ಲಿ ದನಿ ಹಿಂದೆ ಸರಿದಂಗೆ ಆಗತ್ತಾ ಅಂತ ಕಿವಿ ಕೊಡೋದು. ಸರಿದ್ರೆ ಒಂದೊಂದೇ ಡಿಬಿ ಇಳಿಸಿ, ಸರಿಯೋದು ನಿಲ್ಲೋ ಜಾಗವೇ ಆ ಹೆಡ್‌ಫೋನಿನ ಮಿತಿ.